ಜೋಡಿ ಹೊಲಿಗೆ, ಜೋಡಿ ಮಾತ್ರೆ

ದರ್ಜಿಗೆ ಪಾರ್ಶ್ವವಾಯು ಹೊಡೆದು ಹನ್ನೆರಡು ದಿನ. ಆಸ್ಪತ್ರೆಯಿಂದ ಮನೆಗೆ ಬಂದಿದ್ದ, ಮಾತು ಮಾತ್ರ ಬಂದಿರಲಿಲ್ಲ. ಮೂವತ್ತು ವರ್ಷ ಮೆಷಿನ್ ಮುಂದೆ ಕೂತು "ಲೇ, ನೂಲು" ಎಂದು ಕೂಗಿ ಕೂಗಿ ಹೆಂಡತಿಯ ತಲೆ ತಿಂದ ಮನುಷ್ಯ ಅವನು. ಆಗೆಲ್ಲ ಬೈದುಕೊಂಡೇ ರೀಲು ಎಸೆಯುತ್ತಿದ್ದವಳು, ಈಗ ಅಂಗಿಗೆ ಗುಂಡಿ ಹಚ್ಚುತ್ತಾ ಕಿವಿಯನ್ನೆಲ್ಲ ಆ ಕಡೆಗೇ ಇಟ್ಟಿರುತ್ತಿದ್ದಳು. ಇನ್ನೊಂದು ಸಲ ಕೂಗಿದರೆ ಸಾಕಿತ್ತು.

ರಕ್ತ ಹೆಪ್ಪುಗಟ್ಟದಿರಲೆಂದು ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದಿದ್ದರು. ಎದುರಿನ ಇಸ್ತ್ರಿ ಅಂಗಡಿಯವನು, ರಕ್ತ ತೆಳುವಾದಷ್ಟೂ ನಾಲಿಗೆ ಬೇಗ ತಿರುಗುತ್ತದೆ, ಎರಡು ಕೊಡು ಎಂದು ಡಾಕ್ಟರಿಗಿಂತ ಗಟ್ಟಿಯಾಗಿ ಹೇಳಿ ಹೋದ. ಅವಳಿಗೂ ಸರಿ ಅನ್ನಿಸಿತು. ಅಂಗಿಯ ಕಂಕುಳಿಗೆ ಒಂದು ಹೊಲಿಗೆ ಸಾಲದು, ಜೋಡಿ ಹೊಲಿಗೆ ಬೇಕು ಎಂದು ಕಲಿಸಿದವನೇ ಗಂಡನಲ್ಲವೇ. ಸುಸ್ತು ಮಾಡುತ್ತದೆಂದು ಬಿಪಿ ಮಾತ್ರೆಯನ್ನಂತೂ ಎರಡು ದಿನದಿಂದ ನಿಲ್ಲಿಸಿಯೇ ಬಿಟ್ಟಿದ್ದಳು.

ಅಂಗೈಯಲ್ಲಿ ಎರಡು ಮಾತ್ರೆ ಇರುವಾಗಲೇ, ಮನೆಮನೆಗೆ ಬಂದು ರೋಗಿಗಳನ್ನು ನೋಡುವ ನರ್ಸಮ್ಮ ಬಂದಳು. ಬಿಪಿ ನೋಡಿದಳು, ತುಂಬಾ ಏರಿತ್ತು. ವಿಷಯವನ್ನೆಲ್ಲ ಕೇಳಿ ತಿಳಿದುಕೊಂಡಳು.

"ಅಕ್ಕಾ, ಹಳೆಯದಾಗಿ ಲಡ್ಡಾದ ಬಟ್ಟೆಗೆ ಜೋಡಿ ಹೊಲಿಗೆ ಹಾಕ್ತೀರಾ?"

"ಯಾರಾದ್ರೂ ಹಾಕ್ತಾರಾ? ಸೂಜಿ ಹೋದಲ್ಲೆಲ್ಲ ಹರಿಯುತ್ತೆ."

"ರಕ್ತ ಸಿಗದೆ ಇವರ ಮಿದುಳಿನ ಒಂದು ಭಾಗ ಹಾಗೇ ಲಡ್ಡಾಗಿದೆ. ಹೆಚ್ಚು ಮಾತ್ರೆ ಕೊಟ್ರೆ ಅಲ್ಲೇ ರಕ್ತ ಒಸರಬಹುದು. ಬಿಪಿ ಏರಿದ್ರೆ ಆ ಬಟ್ಟೇನ ಜಗ್ಗಿ ಎಳೆದ ಹಾಗೆ."

ಪಾರ್ಶ್ವವಾಯು ಜೋರಾಗಿ ಹೊಡೆದವರಿಗೆ, ಸಕ್ಕರೆ ಏರಿದವರಿಗೆ, ವಯಸ್ಸಾದವರಿಗೆ ಈ ಅಪಾಯ ಇನ್ನೂ ಹೆಚ್ಚು ಎಂದಳು. ಕೇಳದೆ ನೋವಿನ ಮಾತ್ರೆ ನುಂಗಿಸುವುದೂ ಬೇಡ. ಹಾಗಂತ ಹೆದರಿ ಆ ಒಂದು ಮಾತ್ರೆಯನ್ನೂ ನಿಲ್ಲಿಸಿದರೆ ಮತ್ತೆ ಹೆಪ್ಪುಗಟ್ಟೀತು. ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿ ಬಿಪಿ ಮಾತ್ರೆ ಮತ್ತೆ ಶುರು ಮಾಡಿಸಿದಳು.

"ಮಾತು ಯಾವಾಗ ಬರುತ್ತಮ್ಮಾ?"

"ಅದನ್ನ ನಾನು ಹೇಳಲಾರೆ ಅಕ್ಕಾ. ದಿನಾ ಮಾತಾಡಿಸಿ. ಮನುಷ್ಯ ಉಳಿದ್ರೆ ತಾನೇ ಮಾತು."

ಹೆಂಡತಿ ಅಂಗೈಯಲ್ಲಿದ್ದ ಎರಡರಲ್ಲಿ ಒಂದು ಮಾತ್ರೆಯನ್ನು ಮತ್ತೆ ಡಬ್ಬಿಗೆ ಹಾಕಿದಳು. ಇಸ್ತ್ರಿಯವನಿಗೆ, ನಿನ್ನ ಇಸ್ತ್ರಿಪೆಟ್ಟಿಗೆ ಬಟ್ಟೆ ಸುಡದ ಹಾಗೆ ನೋಡ್ಕೋ ಸಾಕು ಎಂದಳು. ಈಗ ದಿನಾ ರೀಲನ್ನು ಗಂಡನ ಕೈಗಿಟ್ಟು, ಇದೇನು ಹೇಳಿ ಎನ್ನುತ್ತಾಳೆ. ತುಟಿ ಮುಂದೆ ಬರುತ್ತದೆ, ಬರೀ ಉಸಿರು ಬರುತ್ತದೆ. ನಿನ್ನೆ "ನೂ" ಎಂಬಷ್ಟು ಬಂತು. ಅವಳು ಕೈಯಲ್ಲಿದ್ದ ಅಂಗಿಯಲ್ಲೇ ಕಣ್ಣೊರೆಸಿಕೊಂಡಳು. ಗಿರಾಕಿಯ ಅಂಗಿ ಅದು.

ನಿಮ್ಮ ಮನೆಯಲ್ಲೂ ಪಾರ್ಶ್ವವಾಯು ಹೊಡೆದವರಿದ್ದಾರೆಯೇ? ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ಹೆಚ್ಚಿಸಬೇಡಿ, ಬಿಡಲೂಬೇಡಿ. ಬಿಪಿ, ಸಕ್ಕರೆ ನೋಡಿಸುತ್ತಿರಿ. ಇದ್ದಕ್ಕಿದ್ದಂತೆ ತಲೆ ಸಿಡಿಯುವಂತೆ ನೋವು ಬಂದರೆ, ವಾಂತಿಯಾದರೆ, ಮಂಪರು ಕವಿದರೆ, ಕೈಕಾಲು ಇನ್ನಷ್ಟು ಸೋತರೆ ತಕ್ಷಣ ಆಂಬುಲೆನ್ಸ್ ಕರೆಯಿರಿ, ನೆರೆಯವರನ್ನು ಕೇಳುತ್ತ ಕೂರಬೇಡಿ. ಅವರು ನಿಮ್ಮನ್ನು ಮತ್ತೆ ಕೂಗಲಿ ಎಂಬ ಆಸೆ ನಿಮಗೂ ಇದ್ದೇ ಇರುತ್ತದೆ. ಕಾಯಿರಿ. ಬರೆದುಕೊಟ್ಟಷ್ಟೇ ಮಾತ್ರೆ ಕೊಟ್ಟು ಕಾಯಿರಿ.