ವಾಸಿಯಾದವಳು

ಕೊಳ್ಳೇಗಾಲದಲ್ಲಿ ಯಾರಿಗೆ ಬೇಕಾದರೂ ತಲೆನೋವು ಬರಬಹುದಿತ್ತು, ದೀಪಶ್ರೀಗೆ ಮಾತ್ರ ಬರುವ ಹಾಗಿರಲಿಲ್ಲ. ಅವಳ ತಲೆನೋವು ವಾಸಿಯಾದದ್ದನ್ನು ಊರೆಲ್ಲ ನೋಡಿತ್ತು. ಊರೇನು, ಹನೂರು, ಯಳಂದೂರಿನವರೂ ಮೊಬೈಲಿನಲ್ಲಿ ನೋಡಿ, ತಲೆ ಹಿಡಿದುಕೊಂಡು ಕೂರುವ ತಮ್ಮ ತಮ್ಮ ಅತ್ತಿಗೆ ನಾದಿನಿಯರಿಗೆಲ್ಲ ಕಳಿಸಿದ್ದರು.

ಅವಳ ಗಂಡ ಮಹದೇವಪ್ರಸಾದ್ ಬೆಂಗಳೂರಿನಲ್ಲಿ ಕೈರೋಪ್ರ್ಯಾಕ್ಟಿಕ್ ಕಲಿತು ಬಂದು, ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಕ್ಲಿನಿಕ್ ತೆರೆದಿದ್ದ. ಬೆನ್ನು, ಸೊಂಟ, ಕತ್ತಿನ ಮೂಳೆಗಳನ್ನು ಬರೀ ಕೈಯಲ್ಲಿ ಒತ್ತಿ ತಿರುಗಿಸಿ ಸರಿಮಾಡುವ ವಿದ್ಯೆ ಅದು. ಅಷ್ಟುದ್ದದ ಹೆಸರನ್ನು ಜನ ಯಾಕೆ ಹೊರುತ್ತಾರೆ, 'ನೆಟಿಗೆ ಡಾಕ್ಟ್ರು' ಎಂದು ಮುಗಿಸಿಬಿಟ್ಟರು. ಮೊದಮೊದಲು ನೊಣ ಹೊಡೆಯುವುದೇ ಅವನ ಕೆಲಸವಾಗಿತ್ತು. ಕ್ಷೌರದಂಗಡಿಯ ನಟರಾಜು ಕಟಿಂಗ್ ಜೊತೆಗೆ ಪುಕ್ಕಟೆ ತೆಗೆಯುವ ನೆಟಿಗೆಗೆ ಯಾರು ಮಹಡಿ ಹತ್ತುತ್ತಾರೆ ಎಂದು ನಗುತ್ತಿದ್ದವರೇ ಹೆಚ್ಚು.

ಹೀಗಿರುವಾಗ, ಅರೆತಲೆನೋವು ಹಿಡಿದು ಎರಡು ದಿನದಿಂದ ಮಲಗಿದ್ದ ಹೆಂಡತಿಯನ್ನು ಅವನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ನೆಟಿಗೆಯ ಸದ್ದು ಚೆನ್ನಾಗಿ ಕೇಳಲೆಂದು ಸೆರಗಿಗೆ ಪುಟ್ಟ ಮೈಕು ಸಿಕ್ಕಿಸಿ, ಮೊಬೈಲು ಆನ್ ಮಾಡಿಟ್ಟು ಕತ್ತು ತಿರುಗಿಸಿದ. ಒಣ ಪುಳ್ಳೆ ಮುರಿದ ಹಾಗೆ ಲಟಕ್ಕೆಂದಿತು. ಸ್ವಲ್ಪ ಹೊತ್ತಿಗೆ ನೋವು ನಿಜವಾಗಿಯೂ ಬಿಟ್ಟಿತು. ಬೆಳಿಗ್ಗೆ ವಾಂತಿಯಾದ ಮೇಲೆ ಅದು ಇಳಿಯುತ್ತಲೇ ಬಂದಿತ್ತು, ಯಾವತ್ತಿನಂತೆ ತಾನಾಗಿ ಬಿಡುವ ಹೊತ್ತೂ ಅದೇ ಆಗಿತ್ತು. ಅವಳಿಗೆ ಆಗ ಅದೆಲ್ಲ ಹೊಳೆಯಲಿಲ್ಲ. "ಓಯ್ತು ಕಣ್ರಿ" ಎಂದು ಗಂಡನ ಕೈ ಹಿಡಿದುಕೊಂಡು ಅತ್ತಳು. ಆ ಅಳುವಿನಲ್ಲಿ ಚೂರೂ ಸುಳ್ಳಿರಲಿಲ್ಲ. ಆ ವಿಡಿಯೊ ಊರೂರು ಸುತ್ತಿತು, ಕುಂತೂರಿನ ಕಬ್ಬಿನ ಟ್ರ್ಯಾಕ್ಟರ್ ಡ್ರೈವರುಗಳಿಂದ ಹಿಡಿದು ಬೆಟ್ಟ ಹತ್ತಿ ಸೊಂಟ ಹಿಡಿದುಕೊಂಡವರವರೆಗೆ ಎಲ್ಲರೂ ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಸೊಂಟ ಹಿಡಿದವರಿಗೆ ಗುಣವೂ ಕಾಣುತ್ತಿತ್ತು, ಆ ಮಾತು ಬೇರೆ.

ದೀಪಶ್ರೀಗೆ ನೋವು ಮತ್ತೆ ಬಂತು. ಅತ್ತೆ ಶಿವರತ್ನಮ್ಮನಿಗೆ ಹೇಳಿದರೆ, ವಾಸಿಯಾದ ಕಾಯಿಲೆ ಇನ್ನೊಂದು ಸಲ ಬರುವುದೆಂದರೇನು, ಆಡಿಕೊಳ್ಳುವವರ ಮುಂದೆ ಎಡವಿ ಬೀಳಬೇಡ ಎಂದು ಗದರಿದರು. ಗಂಡ ಗದರಲಿಲ್ಲ. ಮತ್ತೆ ಕತ್ತು ತಿರುಗಿಸಿ, ಪರೀಕ್ಷೆ ಬರೆದ ಹುಡುಗನ ಮುಖ ಮಾಡಿಕೊಂಡು, ಹೋಯಿತಾ ಎಂದು ಕೇಳಿದ. ಆ ಮುಖ ನೋಡಿ ಅವಳು ಹೋಯಿತು ಎಂದಳು. ಮೊದಲನೆಯ ಸುಳ್ಳು ಅದು. ಗಂಡ ಕೆಟ್ಟವನಾಗಿದ್ದರೆ ಜಗಳವಾಡಿ ತವರಿಗಾದರೂ ಹೋಗುತ್ತಿದ್ದಳು. ಒಳ್ಳೆಯವನ ಜೊತೆ ಜಗಳ ಎಲ್ಲಿಂದ ಶುರು ಮಾಡುವುದು?

ಅಂದಿನಿಂದ ಹಣೆಗೆ ಬಟ್ಟೆ ಕಟ್ಟುವಂತಿಲ್ಲ, ಕಿಟಕಿ ಮುಚ್ಚಿ ಮಲಗುವಂತಿಲ್ಲ. ಬಂದವರಿಗೆ ಧೈರ್ಯ ಬರಲೆಂದು ಅವಳನ್ನು ಕ್ಲಿನಿಕ್ಕಿನ ಮುಂದಿನ ಕುರ್ಚಿಯಲ್ಲೇ ಕೂರಿಸಿದ್ದರು. ಕಣ್ಣ ಮುಂದೆ ಬೆಳಕು ಚೂರುಚೂರಾಗಿ ಕುಣಿಯುತ್ತಿದ್ದರೂ ನಗುನಗುತ್ತ ಕೂರಬೇಕು. ಕೊಳ್ಳೇಗಾಲದ ಮೆಡಿಕಲ್ ಸ್ಟೋರಿನವರಿಗೆಲ್ಲ ಮುಖ ಪರಿಚಯ, ಹಾಗಾಗಿ ಚಿಕ್ಕಮ್ಮನನ್ನು ನೋಡುವ ನೆವ ಹೇಳಿ ಯಳಂದೂರಿಗೆ ಹೋಗಿ ಮಾತ್ರೆ ತರುತ್ತಿದ್ದಳು. ಒಮ್ಮೆ ಅಲ್ಲೂ ಪಕ್ಕದಲ್ಲಿ ನಿಂತಿದ್ದ ಹೆಂಗಸು, ಆ ವಿಡಿಯೊದಲ್ಲಿ ಅತ್ತವರು ನೀವೇ ಅಲ್ಲವಾ ಎಂದು ಕೈ ಹಿಡಿದುಕೊಂಡು ಬಾಯಿ ತುಂಬಾ ಹೊಗಳಿದಳು. ದೀಪಶ್ರೀ ಕೆಮ್ಮಿನ ಔಷಧಿ ಕೊಂಡು ವಾಪಸಾದಳು. ಬಾಯಲ್ಲಿ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಇಷ್ಟಾದರೂ ತಡೆದುಕೊಂಡಿದ್ದಳು. ತಡೆಯಲಾರದೆ ಹೋದದ್ದು ತಂಗಿಯ ವಿಷಯದಲ್ಲಿ. ಮಧುವನಹಳ್ಳಿಯ ತವರಿನಲ್ಲಿದ್ದ ಶೃತಿಗೂ ಅದೇ ಅರೆತಲೆನೋವು. ಅಕ್ಕನಿಗೆ ಮಾತ್ರೆಯಿಲ್ಲದೆ ವಾಸಿಯಾಯಿತಲ್ಲ ಎಂದು ಅವಳು ಡಾಕ್ಟರು ಬರೆದುಕೊಟ್ಟ ಮಾತ್ರೆ ನುಂಗುವುದನ್ನೇ ಬಿಟ್ಟು, ಭಾವನ ಹತ್ತಿರ ಬರತೊಡಗಿದಳು. ಪ್ರತಿ ಸಲವೂ ಮೇಜಿನಿಂದ ಎದ್ದು, ಕಮ್ಮಿಯಾಯ್ತು ಭಾವ ಎಂದು ನಗುತ್ತಿದ್ದಳು. ಆ ನಗು ಎಂಥದ್ದೆಂದು ದೀಪಶ್ರೀಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆವತ್ತು ಶೃತಿ ನೋವು ನೆತ್ತಿಗೇರಿದಾಗಲೇ ಬಂದಳು. ಮಹದೇವಪ್ರಸಾದ್ ಕತ್ತು ತಿರುಗಿಸಿದ, ಸದ್ದು ಬಂತು, ಅವಳು ನಕ್ಕಳು. ನಗುತ್ತಲೇ ಹಿಂದಿನ ಬಚ್ಚಲಿಗೆ ಓಡಿದಳು. ದೀಪಶ್ರೀ ಹಿಂದೆಯೇ ಹೋಗಿ, ವಾಂತಿ ಮಾಡುತ್ತಿದ್ದವಳ ಹಣೆ ಹಿಡಿದುಕೊಂಡಳು.

"ನಿಂಗ ಒಂದೇ ಸಲಿಗೆ ಓಯ್ತು" ಎಂದಳು ಶೃತಿ, ಬಾಯಿ ಒರೆಸಿಕೊಂಡು. "ನಂಗ್ಯಾಕಕ್ಕ ಓಗದಿಲ್ಲ? ನನ್ ತಲೇಲೇ ಏನೋ ಐಬು ಅದೆ. ಇಂಗಾದ್ರ ನಾನು ಎಂಗ ಬಾಳದು?"

ದೀಪಶ್ರೀ ನೀರು ಮೊಗೆದು ತಂಗಿಯ ಮುಖಕ್ಕೆ ಸವರಿದಳು. ತಾನು ಗಂಡನಿಗೋಸ್ಕರ ಸುಮ್ಮನಿದ್ದದ್ದಕ್ಕೆ ಈ ಹುಡುಗಿ ತನ್ನ ತಲೆಯನ್ನೇ ಬೈದುಕೊಳ್ಳುತ್ತಿದೆ. ಹೇಳಿಬಿಡಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಗಂಡ ಕರೆದ. ಅಕ್ಕ ತಂಗಿ ಒಟ್ಟಿಗೆ ನಿಂತು ಎರಡು ಮಾತಾಡಿದರೆ ವಿಡಿಯೊ ಚೆನ್ನಾಗಿರುತ್ತದೆ ಎಂಬುದು ಅವನ ಆಸೆ.

ಇಬ್ಬರನ್ನೂ ದೊಡ್ಡ ಲೈಟಿನ ಮುಂದೆ ನಿಲ್ಲಿಸಿ, ಹೆಂಡತಿಯ ಸೆರಗಿಗೆ ಮೈಕು ಸಿಕ್ಕಿಸಿದ. ಬಾಗಿಲಲ್ಲಿ ಶಿವರತ್ನಮ್ಮ, ಅವರ ಹಿಂದೆ ಕತ್ತು ಉದ್ದ ಮಾಡಿಕೊಂಡು ನೋಡುತ್ತಿದ್ದ ಜನ. ಬೆಳಕಿಗೆ ಶೃತಿಯ ಕಣ್ಣು ಮುಚ್ಚಿಹೋಗುತ್ತಿತ್ತು, ತುಟಿ ಮಾತ್ರ ನಗುತ್ತಿತ್ತು. ಮಹದೇವಪ್ರಸಾದ್ ಮೊಬೈಲು ಎತ್ತಿ ಹಿಡಿದು, ನಿನಗೆ ಹೇಗೆ ವಾಸಿಯಾಯಿತು ಅನ್ನುವುದರಿಂದ ಶುರು ಮಾಡು ಎಂದು ಹೆಂಡತಿಗೆ ಪ್ರೀತಿಯಿಂದಲೇ ಹೇಳಿದ.

"ನಂಗೂ ಓಗಿಲ್ಲ" ಎಂದಳು ದೀಪಶ್ರೀ. "ಅವತ್ತು ಬುಡ್ತು, ನಿಜ. ಆಮೇಲ ಮೊದ್ಲಿನಂಗೇ ಬತ್ತಾ ಅದೆ. ಇವ್ರು ನೊಂದ್ಕತರೆ ಅಂತ ಏಳ್ನಿಲ್ಲ. ಶೃತಿ, ನಿನ್ ತಲೇಲಿ ಏನೂ ಐಬಿಲ್ಲ ಕಣವ್ವ."

ಶಿವರತ್ನಮ್ಮ ಹೊರಗಿನ ಜನಕ್ಕೆ ಬೆನ್ನು ಕೊಟ್ಟು ಬಾಗಿಲು ಮುಚ್ಚಿ ಚಿಲಕ ಹಾಕಿದರು. ಮಹದೇವಪ್ರಸಾದನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವನು ಯಾರನ್ನೂ ನೋಡದೆ, ಹೆಬ್ಬೆರಳಿನಲ್ಲಿ ಒತ್ತಿ, ತೆಗೆದದ್ದನ್ನು ಅಳಿಸಿದ. ಹತ್ತಿರ ಬಂದು ಅವಳ ಸೆರಗಿನ ಮೈಕು ಸರಿಮಾಡಿದ.

"ಸರ್ಯಾಗಿ ಬರ್ನಿಲ್ಲ ದೀಪಾ" ಎಂದ ಮೆಲ್ಲಗೆ. "ಇನ್ನೊಂದ್ಸಲಿ ತಕ್ಕಳಮ."

ಎಲ್ಲವೂ ಕೇಳಿಸಿದೆ ಅವನಿಗೆ, ಒಂದಕ್ಷರವೂ ತಪ್ಪಿಲ್ಲ ಎಂದು ಅವಳಿಗೆ ಗೊತ್ತಾಯಿತು. ಸಿಟ್ಟು ಬಂತು, ಅದರ ಹಿಂದೆಯೇ ಅಯ್ಯೋ ಅನಿಸಿತು. ಪಕ್ಕದಲ್ಲಿ ಶೃತಿ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ತುಟಿಯ ಮೇಲಿನ ನಗು ಹೋಗಿ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಲೈಟು ಹಾಗೆಯೇ ಉರಿಯುತ್ತಿತ್ತು. ಮಹದೇವಪ್ರಸಾದ್ ಹಿಂದೆ ಸರಿದು ಮೊಬೈಲು ಎತ್ತಿ, ಶುರು ಮಾಡು ಎಂದು ತಲೆಯಾಡಿಸಿದ.

"ನಂಗೂ ಓಗಿಲ್ಲ" ಎಂದಳು ದೀಪಶ್ರೀ.

"ಇನ್ನೊಂದ್ಸಲಿ" ಎಂದ ಅವನು.