ಸುಮಂಗಲಾ ಓಡಿಸಿದ ಬಗ್ಗಿ

ಪರಮಾನಂದ ಪೀಣ್ಯದ ಪ್ಲಾಸ್ಟಿಕ್ ಮೋಲ್ಡಿಂಗ್ ಫ್ಯಾಕ್ಟರಿಯೊಂದರಲ್ಲಿ ಮಷಿನ್ ಆಪರೇಟರ್. ಅವನಿಗೆ ಬಗ್ಗಿಯ, ಅಂದರೆ ರಿಮೋಟಿನಲ್ಲಿ ಓಡುವ ಪುಟ್ಟ ಕಾರಿನ, ಹುಚ್ಚು ಹಿಡಿದದ್ದು ರಾಜಗೋಪಾಲನಗರದ ಒಂದು ಖಾಲಿ ಸೈಟಿನಲ್ಲಿ. ಭಾನುವಾರ ಬೆಳಿಗ್ಗೆ ಅಲ್ಲಿ ಕೆಲವರು ಸೇರಿ ಮೊಳದುದ್ದದ ಕಾರುಗಳನ್ನು ಮಣ್ಣಿನ ದಿಬ್ಬಗಳ ಮೇಲೆ ಹಾರಿಸುತ್ತಿದ್ದರು. ತಾನೂ ಒಂದು ಕಟ್ಟುತ್ತೇನೆಂದು ಮನೆಗೆ ಬಂದು ಹೇಳಿದಾಗ ಹೆಂಡತಿ ಸುಮಂಗಲಾ ನಕ್ಕಳು, ಬೇಡ ಅನ್ನಲಿಲ್ಲ.

ಬಿಡಿಭಾಗ ಜೋಡಿಸಿ ಕಟ್ಟುವ ಹೊಸ ಕಿಟ್ಟಿನ ಬೆಲೆ ಕೇಳಿಯೇ ಅದನ್ನು ಕೊಳ್ಳುವ ಆಸೆ ಬಿಟ್ಟ. ಆಟಿಕೆ ಅಂಗಡಿಯ ಕಾರು ಅಗ್ಗ, ಆದರೆ ಗೇರಿನ ಒಂದು ಹಲ್ಲು ಮುರಿದರೂ ಗಾಡಿ ಕಸಕ್ಕೆ, ಬಿಡಿಭಾಗ ಸಿಗುವುದಿಲ್ಲ. ಆ ಗುಂಪಿನ ಹಿರಿಯ ಪಂಚಾಕ್ಷರಿ, ಮೊದಲ ಗಾಡಿಗೆ ವೇಗ ಬೇಡ, ಎಲ್ಲೆಡೆ ಸ್ಪೇರ್ ಸಿಗುವ ಹಳೆಯ ಮಾದರಿ ಸಾಕು ಎಂದು ಹೇಳಿ, ತಮ್ಮಲ್ಲಿ ಬಿಚ್ಚಿಬಿದ್ದಿದ್ದ ಒಂದು ಗಾಡಿಯ ಚಾಸಿ, ಗೇರುಗಳನ್ನು ಕಡಿಮೆಗೆ ಕೊಟ್ಟರು.

ಆಮೇಲೆ ಬಿಡುವಿದ್ದಾಗಲೆಲ್ಲ ಪರಮಾನಂದ ಅಡುಗೆಮನೆಯ ನೆಲದಲ್ಲೇ. ಗೇರುಗಳನ್ನು ತೊಳೆದು ಗ್ರೀಸ್ ಹಚ್ಚಿದ, ಟೈರುಗಳನ್ನು ರಿಮ್ಮಿಗೆ ಅಂಟಿಸಿದ. ಸುಮಂಗಲಾ ಸ್ಕ್ರೂಡ್ರೈವರ್ ಮುಟ್ಟಿದರೆ ಕಸಿದುಕೊಳ್ಳುತ್ತಿದ್ದ. ಮೇಲಿನ ಹೊದಿಕೆಗೆ ಬಣ್ಣ ಬಳಿಯುವುದನ್ನು ಮಾತ್ರ ಅವಳಿಗೆ ಬಿಟ್ಟ. ಅವಳು ತಮ್ಮೂರ ಕಡೆಯ ಇಳಕಲ್ ಸೀರೆಯ ದಡಿಯಂಥ ಕೆಂಪು ಪಟ್ಟಿ ಬಳಿದಳು.

ಮೊದಲ ದಿನ ಸೈಟಿನಲ್ಲಿ ಅವನ ಮಾನ ಹೋಯಿತು. ಬಗ್ಗಿ ದೂರ ಹೋಗುವಾಗ ಸರಿಯಾಗಿಯೇ ಹೋಗುತ್ತಿತ್ತು. ತಿರುಗಿ ತನ್ನತ್ತ ಬರುವಾಗ ಎಡ ಬಲ ಅದಲುಬದಲಾಗಿ, ಪ್ರತಿಸಲವೂ ಹೋಗಿ ಕಲ್ಲಿಗೆ ಬಡಿಯುತ್ತಿತ್ತು. ಸುಮಂಗಲಾ ಒಂದು ಸಲ ನೋಡುತ್ತೇನೆಂದು ರಿಮೋಟ್ ಇಸಿದುಕೊಂಡಳು. ಗಾರ್ಮೆಂಟ್ಸಿನಲ್ಲಿ ದಿನವಿಡೀ ಕಾಲರ್ ತಿರುಗಿಸಿ ಹೊಲಿಯುವ ಆ ಕೈಗೆ ತಿರುವುಗಳು ತಾವಾಗಿಯೇ ಬಂದವು. ಬಗ್ಗಿ ಎಲ್ಲೂ ತಾಗದೆ ಸುತ್ತಿ ಬಂತು.

"ಮುಂದಿನ ಭಾನುವಾರ ರೇಸಿದೆ ಸುಮಂಗಲಮ್ಮ, ನೀವೇ ಓಡ್ಸಿ," ಎಂದರು ಪಂಚಾಕ್ಷರಿ.

ಬಣ್ಣ ಬಳಿದವರು ಯಾರೆಂದು ಒಬ್ಬ ಕೇಳಿದ. ಕಟ್ಟಿದವರು ಯಾರೆಂದು ಯಾರೂ ಕೇಳಲಿಲ್ಲ.

ಆ ವಾರವೆಲ್ಲ ಪರಮಾನಂದನಿಗೆ ಅನ್ನ ರುಚಿಸಲಿಲ್ಲ. ಸುಮಂಗಲಾ ಮೆಟ್ಟಿಲ ಮೇಲೆ ನಿಂತು ಮನೆ ಮಾಲಕಿ ಅನುಸೂಯಮ್ಮನಿಗೆ "ನಮ್ಮ ಬಗ್ಗಿ" ಎಂದು ವರ್ಣಿಸುವುದು ಕೇಳಿದಾಗ, ಆ 'ನಮ್ಮ' ಎಂಬ ಮಾತೇ ಚುಚ್ಚಿತು. ಶನಿವಾರ ಸಂಜೆ ಅವಳು ಬಟ್ಟೆ ತರಲು ಮಹಡಿಗೆ ಹೋದಾಗ, ಚಾರ್ಜಿಗಿಟ್ಟ ಬ್ಯಾಟರಿಯನ್ನು ಅರ್ಧಕ್ಕೇ ತೆಗೆದುಬಿಟ್ಟ.

ರೇಸಿನಲ್ಲಿ ಕೆಂಪು ಪಟ್ಟಿಯ ಬಗ್ಗಿ ಎಲ್ಲರಿಗಿಂತ ಮುಂದಿತ್ತು. ನೋಡನೋಡುತ್ತಿದ್ದಂತೆ ಕುಂಟಿತು, ನಿಂತಿತು. ಪರಮಾನಂದನ ಹೊಟ್ಟೆ ತಣ್ಣಗಾಯಿತು. ಆದರೆ ಮುಂದಿನ ಸುತ್ತಿಗೆ ಪಂಚಾಕ್ಷರಿ ತಮ್ಮ ಗಾಡಿಯನ್ನೇ ಅವಳ ಕೈಗೆ ಕೊಟ್ಟರು. ಅವಳು ಎರಡನೆಯವಳಾಗಿ ಬಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಕಟ್ಟಿದ ಬಗ್ಗಿ ಹೊಂಗೆ ಮರದಡಿ ಬಿದ್ದಿತ್ತು.

ಮನೆಯ ದಾರಿಯಲ್ಲಿ ಅವಳು ಮೆಲ್ಲಗೆ ಹೇಳಿದಳು: "ಬ್ಯಾಟರಿ ನೀವ ತಗದಿದ್ರಿ. ನಿನ್ನಿ ಮ್ಯಾಲಿಂದ ಅರಿವಿ ತಗೊಂಡು ಬಂದಾಗ ನೋಡೀನಿ."

"ಆವಾಗ ಯಾಕ ಹೇಳಲಿಲ್ಲ?"

"ಮತ್ತ ನೀವಾಗೇ ಚಾರ್ಜಿಗೆ ಹಚ್ಚತೀರೇನೋ ಅಂತ ಕಾದೆ."

ಮನೆ ಮುಟ್ಟಿದೊಡನೆ ಅವನು ಬ್ಯಾಟರಿಯನ್ನು ಚಾರ್ಜಿಗಿಟ್ಟ.

ಸುಮಂಗಲಾ ಪಂಚಾಕ್ಷರಿಯವರಿಂದ ಇನ್ನೊಂದು ಹಳೆಯ ಚಾಸಿ ತಂದಳು. ಅದಕ್ಕೆ ಅವನು ಕೈ ಹಚ್ಚಕೂಡದು ಎಂದಳು. ಅವಳು ನೆಲದ ಮೇಲೆ ಒಬ್ಬಳೇ ಸ್ಕ್ರೂ ತಿರುಗಿಸುತ್ತಿದ್ದರೆ ಅವನು ಮಂಚದ ಮೇಲೆ ಕುಳಿತು ನೋಡಬೇಕಾಯಿತು. ಕುಲುಕು ತಡೆಯುವ ಶಾಕ್ ಅಬ್ಸಾರ್ಬರಿನ ಎಣ್ಣೆಯಲ್ಲಿ ಗಾಳಿಯ ಗುಳ್ಳೆಗಳು ಉಳಿದಿದ್ದವು. ಅದು ಕಂಡರೂ, ಕೈ ಹಚ್ಚಕೂಡದೆಂಬ ಮಾತಿಗೆ ಅವನು ಮಂಚ ಬಿಟ್ಟು ಇಳಿಯಲಿಲ್ಲ. ಓಡಿಸಿದಾಗ ಗಾಡಿ ಕಪ್ಪೆಯಂತೆ ಕುಪ್ಪಳಿಸಿತು.

ಮರುದಿನ ಅವಳೇ ಅದನ್ನು ತಂದು ಅವನ ಮುಂದಿಟ್ಟು, ಏನು ತಪ್ಪಾಗಿದೆ ಎಂದು ಕೇಳಿದಳು. ಅವನು ಮುಚ್ಚಳ ಬಿಚ್ಚಿ ಗುಳ್ಳೆ ಬಿಡಿಸುವುದನ್ನು ತೋರಿಸಿಕೊಟ್ಟ. ಅವಳು ಪಕ್ಕದಲ್ಲೇ ಕುಳಿತಳು.

"ನಿಮಗಷ್ಟ ಹೊಟ್ಟಿಕಿಚ್ಚಲ್ಲ," ಎಂದಳು. "ನೀವು ಅದನ್ನ ಕಟ್ಟುವಾಗ ನನ್ನ ಕಡೆ ತಿರುಗಿ ಸುದ್ದಾ ನೋಡ್ತಿದ್ದಿಲ್ಲ. ಆ ಬಗ್ಗಿ ಕಂಡ್ರ ನನಗೂ ಉರೀತಿತ್ತು."

ಮುಂದಿನ ರೇಸಿಗೆ ಇಬ್ಬರೂ ಇಳಿದರು. ಮೊದಲ ತಿರುವಿನಲ್ಲೇ ಅವಳ ಗಾಡಿ ಅವನದನ್ನು ಹಿಂದೆ ಹಾಕಿತು. ಹಳೆಯ ಹೊಟ್ಟೆಕಿಚ್ಚು ಮತ್ತೆ ಎದ್ದಿತು. ಈ ಸಲ ಅವನು ಹಲ್ಲು ಕಚ್ಚಿ ಅವಳ ಗಾಡಿಯ ಬೆನ್ನು ಹತ್ತಿದ.