ಇನ್ನೊಂದು ವಾಯಿದೆ

ಭನೋಟ್ ಸಾಹೇಬರು ಪಿನ್ನಿ ಉಂಡೆಯ ಡಬ್ಬಿ ಹಿಡಿದು ಮನೆಗೆ ಬಂದಾಗ ಚಂಡೀಗಢಕ್ಕೆ ಮಂಜು ಕವಿದಿತ್ತು. ಹರ್ಕೀರತ್ ಸತ್ತಾಗ ಅವರು ಬಂದಿರಲಿಲ್ಲ.

ಹರ್ಕೀರತ್ ನನ್ನ ಗಂಡ. ಸರ್ಕಾರಿ ಪ್ರಯೋಗಾಲಯದಲ್ಲಿ ಭೂಕುಸಿತದ ಮೇಲೆ ಕೆಲಸ ಮಾಡುತ್ತಿದ್ದ ವಿಜ್ಞಾನಿ. ಅವರ ಮೇಲಧಿಕಾರಿಯಾಗಿದ್ದ ಭನೋಟ್ ವಾರ್ಷಿಕ ಗುಪ್ತ ವರದಿಯಲ್ಲಿ ಅವರ ಅಂಕ ಇಳಿಸಿದರು. ಇಳಿಸಿದರೆ ತಿಳಿಸಬೇಕೆಂಬುದು ನಿಯಮ, ತಿಳಿಸಲಿಲ್ಲ. ಅಂಕ ಸಾಲದೆಂದು ಬಡ್ತಿಯ ಸಂದರ್ಶನಕ್ಕೆ ಕರೆಯೇ ಬರಲಿಲ್ಲ. ಹರ್ಕೀರತ್ ನ್ಯಾಯಮಂಡಳಿಗೆ ಹೋದರು. ಇಲಾಖೆ ಪ್ರತಿ ಸಲವೂ ಒಂದೇ ಮಾತು ಹೇಳಿ ವಾಯಿದೆ ಪಡೆಯಿತು: ಕಡತ ಓದಲು ಸಮಯ ಬೇಕು. ಕೊನೆಯ ಸಲ ಹರ್ಕೀರತ್ ಆಸ್ಪತ್ರೆಯಿಂದಲೇ, ಕೈಗೆ ಡ್ರಿಪ್ಪಿನ ಪಟ್ಟಿ ಇದ್ದಂತೆಯೇ ಬಂದು ಕೂತಿದ್ದರು. ಅಂದೂ ಅದೇ ಮಾತು. ಮುಂದಿನ ವಾಯಿದೆಗೆ ಅವರಿರಲಿಲ್ಲ.

ವಾರಸುದಾರಳಾಗಿ ನಾನು ಮುಂದುವರಿಸಿದೆ. ಇಲಾಖೆಯ ಉತ್ತರ ಬಂತು: ಬಡ್ತಿ ಸಿಗುವುದು ಹೊಸ ಹುದ್ದೆ ವಹಿಸಿಕೊಂಡ ದಿನದಿಂದ ಮಾತ್ರ, ಮೃತರು ವಹಿಸಿಕೊಳ್ಳಲಾರರು. ಕೆಳಗೆ ಭನೋಟರ ಸಹಿ.

ಅದನ್ನು ಓದಿದ ನ್ಯಾಯಮಂಡಳಿ, ಕೇಸು ಮುಗಿಯುವವರೆಗೆ ಆ ವಿಭಾಗದ ಬಡ್ತಿಗಳನ್ನು ತಡೆಹಿಡಿಯಿತು. ಬಾಕಿ ಇದ್ದದ್ದು ಒಂದೇ ಬಡ್ತಿ. ಭನೋಟರದು. ಜನವರಿ ಕೊನೆಗೆ ಅವರ ನಿವೃತ್ತಿ.

"ಹಠ ಸಾಕು, ಪುತ್ತರ್," ಎಂದರು ಭನೋಟ್ ಮಗಳಿಗೆ ಹೇಳುವಂತೆ, ಸೋಫಾದ ತುದಿಯಲ್ಲಿ ಕೂತು. "ಇಲಾಖೆ ಒಪ್ಕೊಂಡಿದೆ. ಹರ್ಕೀರತ್‌ಗೆ ಹಿಂದಿನ ತಾರೀಖಿಂದ ಬಡ್ತಿ, ನಿನಗೆ ಜಾಸ್ತಿ ಪಿಂಚಣಿ. ಈ ವಾಯಿದೆಗೆ ಬಂದು ರಾಜಿಗೆ ಒಂದು ಸಹಿ ಹಾಕ್ಬಿಡು. ಅವನ ಆತ್ಮಕ್ಕೂ ಶಾಂತಿ."

"ನಿಮ್ಮ ಬಡ್ತಿಗೂ."

"ಅದೂ ಆಗತ್ತೆ ಅನ್ನು. ಜೀವಮಾನ ಪೂರ್ತಿ ದುಡಿದಿದೀನಮ್ಮ ನಾನೂ."

"ಚಹಾ ಕುಡೀತೀರಾ, ಸರ್‌ಜಿ?"

ಒಪ್ಪಿದೆನೆಂದುಕೊಂಡರು. ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಕೇಳಿದರು.

ವಿಚಾರಣೆಯ ಬೆಳಿಗ್ಗೆ ನನ್ನ ವಕೀಲೆ ಚಾಹಲ್ ದೀದಿಗೆ ಮನಸ್ಸಿನಲ್ಲಿದ್ದುದನ್ನು ಹೇಳಿದೆ.

"ತಲೆ ಕೆಟ್ಟಿದ್ಯಾ? ಗೆದ್ದಿರೋ ಕೇಸಿಗೆ ಯಾರಾದ್ರೂ ವಾಯಿದೆ ಕೇಳ್ತಾರಾ? ನಾಳೆ ಹೊಸ ಸಾಹೇಬ ಬಂದು ರಾಜಿ ಇಲ್ಲ ಅಂದ್ರೆ?"

"ಅನ್ನಲಿ."

"ಪಿಂಚಣಿ?"

"ಪಾಠ ಹೇಳ್ಕೊಂಡು ಬದುಕ್ತೀನಿ. ನೀವು ಕೇಳಿ, ದೀದಿ."

"ಏನಂತ ಕೇಳಲಿ, ಮಾರಾಯ್ತಿ?"

"ಕಡತ ಓದೋಕೆ ಸಮಯ ಬೇಕು ಅಂತ."

ದೀದಿ ಕರಿಕೋಟಿನ ಗುಂಡಿ ಹಾಕಿಕೊಂಡು ಒಳಗೆ ನಡೆದರು.

ನ್ಯಾಯಮಂಡಳಿ ಫೆಬ್ರವರಿಗೆ ಮುಂದೂಡಿತು.

ಭನೋಟ್ ಹೊರಗೆ ನನ್ನನ್ನು ಅಡ್ಡಗಟ್ಟಿದರು. "ಏನ್ ಮಾಡ್ಬಿಟ್ಟೆ? ಫೆಬ್ರವರಿ ಹೊತ್ತಿಗೆ ನಾನು ಮನೇಲಿರ್ತೀನಿ! ಆಮೇಲೆ ಯಾವ ಬಡ್ತಿ?"

"ಹುದ್ದೆ ವಹಿಸ್ಕೊಳ್ಳೋಕಾಗದವರಿಗೆ ಬಡ್ತಿ ಇಲ್ಲ, ಸರ್‌ಜಿ. ನೀವೇ ಸಹಿ ಹಾಕಿದೀರಿ."

"ಅದು ಸತ್ತವರಿಗೆ! ನಾನು ಬದುಕಿದೀನಲ್ಲಮ್ಮ!"

ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಹೌದು," ಎಂದೆ. "ಅದು ನನಗೆ ದಿನಾ ನೆನಪಾಗತ್ತೆ."

ಜನವರಿಯ ಕೊನೆಯ ಸಂಜೆ, ಪ್ರಯೋಗಾಲಯದಲ್ಲಿ ಅವರಿಗೆ ಹಳೆಯ ಹುದ್ದೆಯ ಹೆಸರಿನಲ್ಲೇ ಬೀಳ್ಕೊಡುಗೆಯ ಹಾರ ಹಾಕಿದರೆಂದು ಯಾರೋ ಫೋನ್ ಮಾಡಿ ಹೇಳಿದರು. ಪಿನ್ನಿಯ ಡಬ್ಬಿ ತೆರೆದೆ. ತುಪ್ಪ ಕಮಟು ಹಿಡಿದಿತ್ತು. ಒಂದು ತಿಂದೆ. ಇನ್ನೊಂದನ್ನೂ ತಿಂದೆ.